ಹಾಗೇ ಬಂದೆ

ನಮ್ಮ ದೊಡ್ಡಮ್ಮನ ಮನೆ ಮಲ್ಲೇಶ್ವರದಲ್ಲಿ, ನಮ್ಮದು ವಿಜಯನಗರದಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ಅವರು ತಿಂಗಳಿಗೆ ಎರಡು ಸಲವಾದರೂ ಬರುತ್ತಿದ್ದರು. ಬರುತ್ತೇನೆ ಅಂತ ಮೊದಲೇ ತಿಳಿಸುವ ಪದ್ಧತಿ ಇರಲಿಲ್ಲ. ಮಧ್ಯಾಹ್ನ ಮೂರೂವರೆ ಸುಮಾರಿಗೆ ಗೇಟಿನ ಚಿಲಕ ಸದ್ದು ಮಾಡಿದರೆ ದೊಡ್ಡಮ್ಮನೇ ಇರಬೇಕು ಎಂದು ಗೊತ್ತಾಗುತ್ತಿತ್ತು. ಕೈಯಲ್ಲಿ ಹಸಿರು ವೈರ್ ಬುಟ್ಟಿ. ಅದರೊಳಗೆ ಎಂಟನೇ ಕ್ರಾಸ್‌ನಲ್ಲಿ ಕೊಂಡ ಒಂದು ಕಟ್ಟು ಕೊತ್ತಂಬರಿ ಸೊಪ್ಪು, ಒಂದೆರಡು ಮೊಳ ಹೂವು. "ಏನಕ್ಕಾ, ಏನು ಸಮಾಚಾರ?" ಅಂತ ಅಮ್ಮ ಕೇಳಿದರೆ, "ಏನೂ ಇಲ್ಲ ಕಣೇ, ಹಾಗೇ ಬಂದೆ" ಅನ್ನುತ್ತಿದ್ದರು. ಅಮ್ಮ ಬೆಳಗಿನ ಫಿಲ್ಟರಿಗೆ ಇನ್ನೊಂದು ಸಲ ಬಿಸಿನೀರು ಹಾಕುತ್ತಿದ್ದಳು. ಆ ಎರಡನೇ ಡಿಕಾಕ್ಷನ್ನಿನ ಕಾಫಿಗೆ ಬರೀ ಬಣ್ಣ ಇರುತ್ತಿತ್ತು. ಅದನ್ನು ಕುಡಿಯುತ್ತಾ ಇಬ್ಬರೂ ಎರಡು ಗಂಟೆ ಮಾತಾಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ದೊಡ್ಡಮ್ಮ ಬಸ್ಸು ಹತ್ತಿ ವಾಪಸ್ ಹೋಗಿಬಿಡುತ್ತಿದ್ದರು.

ದೂರ ಆರೇಳು ಕಿಲೋಮೀಟರ್ ಇರಬಹುದು. ಮೆಜೆಸ್ಟಿಕ್‌ನಲ್ಲಿ ಒಂದು ಬಸ್ಸು ಬದಲಾಯಿಸಬೇಕಿತ್ತು, ಅಷ್ಟೇ.

ಬೆಂಗಳೂರಿನಲ್ಲಿ "ಹಾಗೇ ಬಂದೆ" ಅನ್ನುವ ಮಾತು ಕಿವಿಗೆ ಬಿದ್ದು ಎಷ್ಟೋ ವರ್ಷವಾಗಿತ್ತು. ಈಗ ಯಾರ ಮನೆಗಾದರೂ ಹೋಗಬೇಕು ಅಂದರೆ ವಾರ ಮೊದಲೇ ಮಾತುಕತೆ ಶುರುವಾಗುತ್ತದೆ. ಶನಿವಾರ ಬೇಡ, ಎಲ್ಲರೂ ಮಾಲ್‌ಗಳಿಗೆ ಹೊರಟಿರುತ್ತಾರೆ. ಭಾನುವಾರ ಬೆಳಿಗ್ಗೆ ಒಂಬತ್ತರೊಳಗೆ ಹೊರಟುಬಿಡೋಣ, ಊಟ ಮುಗಿಸಿ ಮೂರಕ್ಕೆ ವಾಪಸ್. ಮಳೆ ಬಂದರೆ ಎಲ್ಲ ಕ್ಯಾನ್ಸಲ್. ಮನೆಗೆ ಬಂದವರನ್ನು ಮೊದಲು ಕೇಳುವುದು "ಟ್ರಾಫಿಕ್ ಹೇಗಿತ್ತು?" ಅಂತ. "ಊಟ ಆಯ್ತಾ?" ಅನ್ನುವುದು ಎರಡನೇ ಪ್ರಶ್ನೆಯಾಗಿದೆ. ಟ್ರಾಫಿಕ್ ಬಗ್ಗೆ ಮಾತಾಡುವವರು ಪೆಟ್ರೋಲಿನ ಲೆಕ್ಕ ಹೇಳುತ್ತಾರೆ, ವ್ಯರ್ಥವಾದ ಗಂಟೆಗಳ ಲೆಕ್ಕ ಹೇಳುತ್ತಾರೆ. ನನಗೆ ಮಾತ್ರ ಈ ಒಂದು ಮಾತು ಹೋದದ್ದೇ ದೊಡ್ಡ ನಷ್ಟ ಅನ್ನಿಸುತ್ತದೆ. ಏನೂ ಕಾರಣವಿಲ್ಲದೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಲಾಗದ ಊರಿನಲ್ಲಿ ಅಕ್ಕತಂಗಿಯರು ಕೂಡ ನಿಧಾನಕ್ಕೆ ಮದುವೆ, ಮುಂಜಿಗಳಲ್ಲಿ ಮಾತ್ರ ಸಿಗುವ ನೆಂಟರಾಗಿಬಿಡುತ್ತಾರೆ.

ನನಗೆ ಇದು ಚೆನ್ನಾಗಿ ಅರ್ಥವಾಗಿದ್ದು 2018ರ ಒಂದು ಶುಕ್ರವಾರ. ಅಂದು ನನ್ನ ಅಕ್ಕನ ಸೀಮಂತ. ಅವಳ ಮನೆ ವೈಟ್‌ಫೀಲ್ಡ್ ಕಡೆ, ಕಾಡುಗೋಡಿ ಹತ್ತಿರ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಬರುತ್ತದೆ, ಅದಕ್ಕೆ ಮುಂಚೆ ಆರತಿ ಮುಗಿಯಬೇಕು ಎಂದು ಅವರ ಮನೆಯವರು ಹೇಳಿದ್ದರು. ತವರಿನಿಂದ ಹೋಗಬೇಕಾದ ಮೊಗ್ಗಿನ ಜಡೆ, ಹಸಿರು ಬಳೆ, ಸೀರೆ, ಹಣ್ಣಿನ ತಟ್ಟೆಗಳೆಲ್ಲ ಇದ್ದದ್ದರಿಂದ ಒಂದು ಕಾರು ಮಾಡಿಕೊಂಡೆವು. ಬೆಳಿಗ್ಗೆ ಎಂಟಕ್ಕೆ ಬಿಟ್ಟೆವು. ಎರಡೂವರೆ ಗಂಟೆ ಕೈಯಲ್ಲಿದೆ, ಧಾರಾಳವಾಯಿತು ಅಂತ ಅಮ್ಮ ಅಂದುಕೊಂಡಿದ್ದಳು.

ಟಿನ್ ಫ್ಯಾಕ್ಟರಿಯವರೆಗೆ ಹೇಗೋ ಬಂದೆವು. ಕೆ.ಆರ್. ಪುರದ ತೂಗುಸೇತುವೆ ಕಣ್ಣಿಗೆ ಕಾಣುತ್ತಿತ್ತು. ಅಲ್ಲಿ ನಿಂತ ಕಾರು ನಿಂತೇ ಇತ್ತು. ಆಗ ವೈಟ್‌ಫೀಲ್ಡ್ ಕಡೆಗೆ ಮೆಟ್ರೋ ಕಂಬಗಳ ಕೆಲಸ ನಡೆದಿತ್ತು. ರಸ್ತೆಯ ನಡುವೆ ತಗಡಿನ ಬೇಲಿ, ಉಳಿದ ಜಾಗದಲ್ಲಿ ಬಸ್ಸು, ನೀರಿನ ಟ್ಯಾಂಕರ್, ಕಂಪನಿ ಕ್ಯಾಬ್, ಸಾವಿರಾರು ಸ್ಕೂಟರ್. ಅಮ್ಮನ ತೊಡೆಯ ಮೇಲೆ ಬಾಳೆಎಲೆಯಲ್ಲಿ ಸುತ್ತಿದ ಮೊಗ್ಗಿನ ಜಡೆ. ಅದಕ್ಕೆ ಹೊದಿಸಿದ್ದ ಒದ್ದೆ ಬಟ್ಟೆ ಬಿಸಿಲಿಗೆ ಒಣಗುತ್ತಿತ್ತು. ಕುಡಿಯುವ ನೀರಿನ ಬಾಟಲಿಯಿಂದ ಅಂಗೈಗೆ ಚೂರು ನೀರು ಹಾಕಿಕೊಂಡು ಅವಳು ಅದರ ಮೇಲೆ ಚಿಮುಕಿಸುತ್ತಿದ್ದಳು. ಆಮೇಲೆ ಬಳೆಯ ಡಬ್ಬಿ ತೆಗೆದಳು. ಒಡೆಯದಿರಲಿ ಅಂತ ನಾಲ್ಕು ನಾಲ್ಕು ಬಳೆಗೆ ಪೇಪರ್ ಸುತ್ತಿಟ್ಟಿದ್ದಳು. ಒಂದೊಂದನ್ನೇ ಬಿಚ್ಚಿ ಎಣಿಸಿ ಮತ್ತೆ ಸುತ್ತಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಿಚ್ಚಿ ಎಣಿಸಿದಳು. ಬಳೆ ಎಷ್ಟಿವೆ ಎನ್ನುವುದು ಅವಳಿಗೆ ಗೊತ್ತೇ ಇತ್ತು. ಕೈಗೆ ಏನಾದರೂ ಕೆಲಸ ಬೇಕಿತ್ತು, ಅಷ್ಟೇ.

ಹತ್ತೂಕಾಲಿಗೆ ಅಕ್ಕ ಫೋನ್ ಮಾಡಿದಳು. ಅಮ್ಮ ಹೇಳಿದ್ದು ಒಂದೇ ಮಾತು. "ನೀವು ಶುರು ಮಾಡ್ಕೊಳ್ಳಿ, ಕಾಯಬೇಡಿ."

ನಾವು ಮುಟ್ಟಿದಾಗ ಹತ್ತು ಐವತ್ತು. ಪಕ್ಕದ ಮನೆಯವರು ಬೀದಿಯ ಗಾಡಿಯಲ್ಲಿ ಮಲ್ಲಿಗೆ ಕೊಂಡು ತಂದು ಅಕ್ಕನಿಗೆ ಮುಡಿಸಿದ್ದರು, ಆರತಿಯೂ ಮುಗಿದಿತ್ತು. ಆ ಹೆಣ್ಣುಮಗಳಿಗೆ ನಾವು ಇವತ್ತಿಗೂ ಋಣಿಗಳು. ಅಮ್ಮ ಮೊಗ್ಗಿನ ಜಡೆಯನ್ನು ಬಿಚ್ಚಲೇ ಇಲ್ಲ. ಬಾಳೆಎಲೆ ಸಮೇತ ದೇವರ ಮನೆಯಲ್ಲಿ ಇಟ್ಟು ಬಂದಳು. ಯಾರ ಮೇಲೂ ಸಿಟ್ಟು ಮಾಡುವ ಹಾಗಿರಲಿಲ್ಲ. ಡ್ರೈವರ್ ಏನು ಮಾಡಿಯಾನು ಪಾಪ, ಅವನೂ ಬೆಳಗಿನಿಂದ ತಿಂಡಿ ತಿಂದಿರಲಿಲ್ಲ.

ಟಾಮ್‌ಟಾಮ್ ಅನ್ನುವ ಡಚ್ ಕಂಪನಿಯೊಂದು ಪ್ರತಿವರ್ಷ ಪ್ರಪಂಚದ ನಗರಗಳ ದಟ್ಟಣೆ ಅಳೆಯುತ್ತದೆ. 2019ರ ಪಟ್ಟಿಯಲ್ಲಿ ಬೆಂಗಳೂರು ಮೊದಲ ಸ್ಥಾನದಲ್ಲಿತ್ತು. ದಟ್ಟಣೆಯ ಮಟ್ಟ ಶೇ. 71. ಖಾಲಿ ರಸ್ತೆಯಲ್ಲಿ ಅರ್ಧ ಗಂಟೆ ಹಿಡಿಯುವ ದಾರಿಗೆ ಸರಾಸರಿ 51 ನಿಮಿಷ ಅಂತ ಅರ್ಥ. 2024ರ ಲೆಕ್ಕದಲ್ಲಿ ಹತ್ತು ಕಿಲೋಮೀಟರ್ ಹೋಗಲು ಇಲ್ಲಿ ಬೇಕಾಗಿದ್ದು 34 ನಿಮಿಷ 10 ಸೆಕೆಂಡ್. ಸೈಕಲ್ ತುಳಿಯುವವನಿಗೂ ಹೆಚ್ಚುಕಡಿಮೆ ಅಷ್ಟೇ ಸಾಕು. ಆದರೆ ಇದು ಸರಾಸರಿ. ಸರಾಸರಿಯನ್ನು ನಂಬಿ ಯಾರೂ ಮನೆ ಬಿಡುವುದಿಲ್ಲ. ಒಂದು ದಿನ 40 ನಿಮಿಷ, ಇನ್ನೊಂದು ದಿನ ಎರಡು ಗಂಟೆ ಅಂದರೆ, ಎರಡು ಗಂಟೆಯನ್ನೇ ಲೆಕ್ಕಕ್ಕೆ ಹಿಡಿದು ಹೊರಡಬೇಕು. ಮದುವೆಗೆ, ಆಸ್ಪತ್ರೆಗೆ, ಕೆಲಸಕ್ಕೆ ಹಾಗೆ ಹೊರಡುತ್ತೇವೆ. ಸುಮ್ನೆ ಕಾಫಿ ಕುಡಿದು ಬರಲಿಕ್ಕೆ ಯಾರು ಹೊರಡುತ್ತಾರೆ?

ಊರು ಹೀಗೆ ಆದದ್ದು ಒಂದೇ ದಿನದಲ್ಲಲ್ಲ. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು 1898ರ ಪ್ಲೇಗ್ ಹೊತ್ತಿಗೆ, ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದಾಗ. ಶಾಲೆ, ಗುಡಿ, ಮಾರುಕಟ್ಟೆ ಎಲ್ಲ ನಡೆದು ಹೋಗುವಷ್ಟು ದೂರದಲ್ಲಿದ್ದವು. ದೊಡ್ಡಮ್ಮ ಬಸ್ಸು ಹತ್ತುತ್ತಿದ್ದುದು ನಮ್ಮ ಮನೆಗೆ ಬರುವಾಗ ಮಾತ್ರ, ಮಿಕ್ಕೆಲ್ಲ ಕಾಲಿನಲ್ಲೇ. ಈಗಿನ ಕಥೆ ಬೇರೆ. 1990ರ ದಶಕದಲ್ಲಿ ಶುರುವಾಗಿ 2002ರ ಸುಮಾರಿಗೆ ಮುಗಿದ ಹೊರವರ್ತುಲ ರಸ್ತೆಯನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಟ್ಟಿದ್ದು ಲಾರಿಗಳು ಊರೊಳಗೆ ಬರದೆ ಸುತ್ತಿಕೊಂಡು ಹೋಗಲಿ ಎಂದು. ಆದರೆ ಆ ರಸ್ತೆಯ ಪಕ್ಕದಲ್ಲೇ ಟೆಕ್ ಪಾರ್ಕುಗಳು ಎದ್ದವು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಿಂದ ಕೆ.ಆರ್. ಪುರದವರೆಗೆ ಲಕ್ಷಾಂತರ ಜನ ಕೆಲಸಕ್ಕೆ ಬರತೊಡಗಿದರು. ಕಚೇರಿಗಳಿಗೆ ಅನುಮತಿ ಮೊದಲು ಸಿಕ್ಕಿತು, ಬಸ್ಸು ಆಮೇಲೆ, ರೈಲು ಅದಕ್ಕಿಂತ ಎಷ್ಟೋ ವರ್ಷ ತಡವಾಗಿ. ಕೆಲಸ ಒಂದು ಮೂಲೆಯಲ್ಲಿ, ಕೈಗೆಟಕುವ ಬಾಡಿಗೆಯ ಮನೆ ಇನ್ನೊಂದು ಮೂಲೆಯಲ್ಲಿ. ನಡುವೆ ಬಸ್ಸಿಲ್ಲ. ಆಗ ಜನ ಏನು ಮಾಡುತ್ತಾರೆ? ಸಾಲ ಮಾಡಿ ಸ್ಕೂಟರ್ ಕೊಳ್ಳುತ್ತಾರೆ.

ಬೆಂಗಳೂರಿನಲ್ಲಿ ಈಗ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನಗಳು. ಇದನ್ನು ನೋಡಿ "ಜನಕ್ಕೆ ಗಾಡಿ ಶೋಕಿ ಜಾಸ್ತಿಯಾಗಿದೆ" ಎನ್ನುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮಗುವನ್ನು ಮುಂದೆ ನಿಲ್ಲಿಸಿಕೊಂಡು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಬಿಎಂಟಿಸಿ ಬಸ್ಸಿನ ಹೊಗೆ ನುಂಗುತ್ತಾ ಹೊಸೂರು ರಸ್ತೆಯಲ್ಲಿ ಹೋಗುವವನು ಶೋಕಿಗೆ ಹೋಗುತ್ತಿಲ್ಲ. ಅವನಿಗೆ ಬೇರೆ ದಾರಿ ಯಾರೂ ಕೊಟ್ಟಿಲ್ಲ.

ಬಸ್ಸಿನ ವಿಷಯ ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಹದಿನೈದು ವರ್ಷ ಬಸ್ಸಿನಲ್ಲೇ ಓಡಾಡಿದವಳು. ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ಒಂದೂ ಬಸ್ಸು ಬರುವುದಿಲ್ಲ. ಆಮೇಲೆ ಒಂದೇ ನಂಬರಿನ ಮೂರು ಬಸ್ಸು ಒಟ್ಟಿಗೆ ಬರುತ್ತವೆ. ಮೊದಲನೆಯದರಲ್ಲಿ ಕಾಲಿಡಲು ಜಾಗವಿಲ್ಲ, ಮೂರನೆಯದು ಖಾಲಿ. ಡಿಪೋದವರು ಬೇಕಂತಲೇ ಹೀಗೆ ಬಿಡುತ್ತಾರೆ ಅಂತ ಜನ ಬೈಯುತ್ತಾರೆ. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಒಮ್ಮೆ ಒಬ್ಬ ಹಿರಿಯ ಕಂಡಕ್ಟರ್ ಟಿಕೆಟ್ ಹರಿದುಕೊಡುತ್ತಲೇ ಇದರ ಗುಟ್ಟು ಬಿಡಿಸಿದರು. ಮುಂದೆ ಹೋಗುತ್ತಿರುವ ಬಸ್ಸು ಯಾವುದೋ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ಸಿಕ್ಕಿಕೊಂಡಿತು ಅನ್ನಿ. ಅಷ್ಟರಲ್ಲಿ ಮುಂದಿನ ಸ್ಟಾಪಿನಲ್ಲಿ ಜನ ಸೇರಿರುತ್ತಾರೆ. ಅವರೆಲ್ಲ ಹತ್ತುವಷ್ಟರಲ್ಲಿ ಬಸ್ಸು ಇನ್ನೂ ತಡ. ಅದರ ಮುಂದಿನ ಸ್ಟಾಪಿನಲ್ಲಿ ಇನ್ನೂ ಜಾಸ್ತಿ ಜನ. ಹಿಂದೆ ಬರುತ್ತಿರುವ ಬಸ್ಸಿಗೆ ಹತ್ತಿಸಿಕೊಳ್ಳಲು ಯಾರೂ ಉಳಿದಿರುವುದಿಲ್ಲ, ಅದು ಬೇಗ ಬೇಗ ಬಂದು ಮುಂದಿನದರ ಬೆನ್ನಿಗೆ ಅಂಟಿಕೊಳ್ಳುತ್ತದೆ. "ಬಸ್ಸು ನಾವು ಹತ್ತು ಹತ್ತು ನಿಮಿಷಕ್ಕೇ ಬಿಡ್ತೀವಮ್ಮ, ರಸ್ತೆ ಅವನ್ನ ಒಟ್ಟು ಮಾಡ್ಬಿಡುತ್ತೆ" ಎಂದರು. ಇಂಥ ದಿನ ಅವರ ಕೊನೆಯ ಟ್ರಿಪ್ ಕಟ್ ಆಗುತ್ತದೆ. ಆ ಟ್ರಿಪ್ಪಿಗೆ ಕಾಯುತ್ತಾ ಎಲ್ಲೋ ಒಂದು ಸ್ಟಾಪಿನಲ್ಲಿ ನಿಂತವರಿಗೆ ಬಸ್ಸು ಬರುವುದೇ ಇಲ್ಲ.

ಆದ್ದರಿಂದ ಬಸ್ಸಿಗೆ ರಸ್ತೆಯಲ್ಲಿ ತನ್ನದೇ ಜಾಗ ಬೇಕು. ಇದನ್ನು ನಮ್ಮ ಊರು ಒಮ್ಮೆ ಮಾಡಿಯೂ ನೋಡಿದೆ. 2019ರ ನವೆಂಬರಿನಲ್ಲಿ ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡಿನವರೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆ ಅಂತ ಒಂದು ಪಥ ಬಿಟ್ಟರು. ಪಕ್ಕದ ಸಾಲಿನಲ್ಲಿ ಕಾರುಗಳು ನಿಂತಿರುವಾಗ ನಮ್ಮ ಬಸ್ಸು ಅವನ್ನು ದಾಟಿ ಹೋಗುತ್ತಿತ್ತು. ಅಂದು ಬಸ್ಸಿನೊಳಗಿನ ಮುಖಗಳನ್ನು ನಾನು ಮರೆಯುವುದಿಲ್ಲ. ಕಂಬಿ ಹಿಡಿದು ನಿಂತಿದ್ದ ಒಬ್ಬ ಹುಡುಗಿ ಕಿಟಕಿಯಾಚೆ ನೋಡುತ್ತಾ ನಗುತ್ತಿದ್ದಳು. ಮೊದಲ ಸಲ ಬಸ್ಸಿನಲ್ಲಿರುವವರಿಗೆ ಮರ್ಯಾದೆ ಸಿಕ್ಕಿತ್ತು. ಕೆಲವು ತಿಂಗಳಲ್ಲೇ ಕೊರೊನಾ ಬಂತು. ನಂತರ ಅದೇ ರಸ್ತೆಯಲ್ಲಿ ಮೆಟ್ರೋ ಕೆಲಸ ಶುರುವಾಯಿತು. ಬಸ್ ಪಥ ಹೋಯಿತು. ಮೆಟ್ರೋ ಬರಲಿ, ಸಂತೋಷ. ಆದರೆ ಬಸ್ಸಿನ ಪಥವನ್ನು ಊರಿನ ಬೇರೆ ದೊಡ್ಡ ರಸ್ತೆಗಳಿಗೂ ಹಬ್ಬಿಸಬಹುದಿತ್ತು. ಅದಕ್ಕೆ ಬೇಕಾದದ್ದು ಬಣ್ಣ, ಕಂಬ ಮತ್ತು ಗಟ್ಟಿ ಮನಸ್ಸು. ಒಂದು ಕೋಟಿ ವಾಹನಗಳ ಎದುರು ಬಿಎಂಟಿಸಿಯ ಬಸ್ಸುಗಳು ಸುಮಾರು 7,000. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ನಮ್ಮ ಬೀದಿಯ ಮನೆಕೆಲಸದವರು, ಹೂ ಮಾರುವವರು ಎಷ್ಟೋ ಜನ ಮತ್ತೆ ಬಸ್ಸಿಗೆ ಬಂದಿದ್ದಾರೆ. ಜನ ಬಸ್ಸನ್ನು ಬೇಡ ಅಂದಿಲ್ಲ.

ಇದಕ್ಕೆಲ್ಲ ನಮ್ಮಲ್ಲಿ ಕೊಡುವ ಉತ್ತರ ಮಾತ್ರ ಯಾವಾಗಲೂ ಮೇಲ್ಸೇತುವೆ. ಜಯದೇವ ಜಂಕ್ಷನ್ನಿನಲ್ಲಿ ಕಟ್ಟಿದ್ದ ಮೇಲ್ಸೇತುವೆಯನ್ನು ಎರಡು ದಶಕ ತುಂಬುವ ಮೊದಲೇ, 2020ರಲ್ಲಿ, ಮೆಟ್ರೋಗಾಗಿ ಕೆಡವಿದರು. ಎಲೆಕ್ಟ್ರಾನಿಕ್ ಸಿಟಿಯಿಂದ ಸುಮಾರು ಹತ್ತು ಕಿಲೋಮೀಟರ್ ಮೇಲ್ಸೇತುವೆ 2010ರಲ್ಲಿ ಬಂತು. ಅದರ ಮೇಲೆ ಗಾಡಿಗಳು ಹಾರಿಕೊಂಡು ಬರುತ್ತವೆ, ಕೆಳಗಿಳಿದು ಸಿಲ್ಕ್ ಬೋರ್ಡಿನಲ್ಲಿ ನಿಲ್ಲುತ್ತವೆ. ದಟ್ಟಣೆ ಒಂದು ಸಿಗ್ನಲ್ಲಿನಿಂದ ಮುಂದಿನ ಸಿಗ್ನಲ್ಲಿಗೆ ಜಾಗ ಬದಲಾಯಿಸುತ್ತದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆ, 812 ಮರ ಕಡಿಯುತ್ತೇವೆ ಎಂದಾಗ 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆ ಬದಿಯಲ್ಲಿ ನಿಂತರು. ಮುಂದಿನ ಮಾರ್ಚಿಯಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯ ಮಾತು. ನೆಲದ ಮೇಲೆ ನಡೆಯಲು ಜಾಗ ಕೊಡದೆ ನೆಲದ ಕೆಳಗೆ ಕಾರಿಗೆ ದಾರಿ ಮಾಡುವುದು ತಪ್ಪು ಎಂದು ನಾನು ನಂಬಿದ್ದೇನೆ.

ನಡೆಯುವ ಜಾಗ ಅಂದೆ. ದೊಡ್ಡಮ್ಮ ನಮ್ಮ ಮನೆಗೆ ಬರುವುದು ನಿಲ್ಲಿಸಿದ್ದು ಯಾಕೆ ಅಂತ ನಾನು ಬಹಳ ದಿನ ತಪ್ಪು ತಿಳಿದಿದ್ದೆ. ಬಸ್ಸಿನಲ್ಲಿ ಜಾಸ್ತಿ ಹೊತ್ತು ಕೂರಲು ಆಗುವುದಿಲ್ಲ, ವಯಸ್ಸಾಯಿತು ಅಂದುಕೊಂಡಿದ್ದೆ. ಒಂದು ದಿನ ಅವರೇ ಹೇಳಿದರು. "ಬಸ್ಸಿನಲ್ಲಿ ಕೂತರೆ ಏನಮ್ಮ, ಸೀಟು ಕೊಡ್ತಾರೆ. ರಸ್ತೆ ದಾಟೋಕೇ ಆಗಲ್ಲ ನನಗೆ." ನಗರದ ಎಷ್ಟೋ ರಸ್ತೆಗಳನ್ನು ಗಾಡಿ ಸರಾಗವಾಗಿ ಹೋಗಲಿ ಅಂತ ಒನ್‌ವೇ ಮಾಡಿದ್ದಾರೆ. ಗಾಡಿಗೇನೋ ಅನುಕೂಲವಾಯಿತು. ಬಸ್ಸಿನಲ್ಲಿ ಓಡಾಡುವವರಿಗೆ ಮಾತ್ರ ತೊಂದರೆ, ಹೋಗುವ ಬಸ್ಸು ಒಂದು ರಸ್ತೆಯಲ್ಲಿ, ವಾಪಸ್ ಬರುವ ಬಸ್ಸು ಇನ್ನೊಂದು ರಸ್ತೆಯಲ್ಲಿ. ದಾಟಬೇಕಾದ ಜಾಗದಲ್ಲಿ ಗಾಡಿಗಳು ಸಿಗ್ನಲ್ ಬಿಟ್ಟ ತಕ್ಷಣ ಒಂದೇ ಓಟ. ದೊಡ್ಡಮ್ಮ ಒಂದು ಸಂಜೆ ಅಲ್ಲಿ ಇಪ್ಪತ್ತು ನಿಮಿಷ ನಿಂತಿದ್ದರಂತೆ. ಕೈ ತೋರಿಸಿದರೆ ಯಾರೂ ನಿಲ್ಲಿಸಲಿಲ್ಲ. ಕೊನೆಗೆ ಒಬ್ಬ ಕಾಲೇಜು ಹುಡುಗ ಬಂದು ಕೈ ಹಿಡಿದು ದಾಟಿಸಿದ. "ಆ ಹುಡುಗ ಬರದೇ ಹೋಗಿದ್ರೆ ಮನೆಗೇ ವಾಪಸ್ ಹೋಗ್ತಿದ್ದೆ" ಎಂದರು. ಅದಾದ ಮೇಲೆ ಅವರು ಒಬ್ಬರೇ ಹೊರಡಲಿಲ್ಲ.

ಪಾದಚಾರಿ ಮೇಲ್ಸೇತುವೆ ಕಟ್ಟಿಲ್ಲವೇ ಅನ್ನುತ್ತಾರೆ. ಕಟ್ಟಿದ್ದಾರೆ. ಎಪ್ಪತ್ತೈದು ದಾಟಿದವರು, ಮಂಡಿನೋವಿನವರು ನಲವತ್ತು ಮೆಟ್ಟಿಲು ಹತ್ತಿ ನಲವತ್ತು ಮೆಟ್ಟಿಲು ಇಳಿಯಬೇಕು, ಒಂದು ರಸ್ತೆಯ ಆ ಕಡೆಗೆ ಹೋಗಲು. ಎಂಜಿನ್ ಇರುವ ಗಾಡಿ ಒಂದು ನಿಮಿಷ ನಿಲ್ಲುವುದು ಕಷ್ಟ, ಮುದುಕಿ ಮೂರು ಮಹಡಿ ಹತ್ತಬಹುದು ಅಂತ ನಾವು ತೀರ್ಮಾನ ಮಾಡಿದ್ದೇವೆ. ನನಗೆ ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಒಳ್ಳೆಯದೂ ಒಂದು ಆಗಿದೆ, ಅದನ್ನು ಹೇಳಲೇಬೇಕು. 2023ರ ಮಾರ್ಚಿಯಲ್ಲಿ ವೈಟ್‌ಫೀಲ್ಡಿನಿಂದ ಕೆ.ಆರ್. ಪುರಕ್ಕೆ ಮೆಟ್ರೋ ಶುರುವಾಯಿತು. ಆದರೆ ಕೆ.ಆರ್. ಪುರಕ್ಕೂ ಬೈಯಪ್ಪನಹಳ್ಳಿಗೂ ನಡುವೆ ಎರಡು ಕಿಲೋಮೀಟರ್ ಚಿಲ್ಲರೆ ತುಂಡು ಬಾಕಿ ಇತ್ತು. ಆರು ತಿಂಗಳು ಜನ ರೈಲಿಳಿದು, ಬಸ್ಸು ಹತ್ತಿ, ಮತ್ತೆ ರೈಲು ಹತ್ತಿದರು. ಅದೇ ತೂಗುಸೇತುವೆಯ ಜಾಗ, ನಮ್ಮ ಮೊಗ್ಗಿನ ಜಡೆ ಬಾಡಿದ ಜಾಗ. ಅಕ್ಟೋಬರಿನಲ್ಲಿ ಆ ತುಂಡೂ ಕೂಡಿಕೊಂಡಿತು. ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ 43 ಕಿಲೋಮೀಟರಿನ ನೇರಳೆ ಮಾರ್ಗ ಪೂರ್ತಿಯಾಯಿತು. ನಮ್ಮ ವಿಜಯನಗರವೂ ಅದೇ ಮಾರ್ಗದಲ್ಲಿದೆ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರವನ್ನು 60 ರೂಪಾಯಿಯಿಂದ 90ಕ್ಕೆ ಏರಿಸಿದ್ದು ನನಗೆ ಸರಿಕಾಣಲಿಲ್ಲ. ದಿನಗೂಲಿಯವರು ಹತ್ತಲಾಗದ ರೈಲು ರಸ್ತೆಯನ್ನು ಖಾಲಿ ಮಾಡುವುದಿಲ್ಲ. ಆದರೂ ಆ ರೈಲು ನಮ್ಮ ಮನೆಗೆ ಏನು ಕೊಟ್ಟಿತು ಅನ್ನುವುದನ್ನು ನಾನು ಮುಚ್ಚಿಡಲಾರೆ.

ಕಳೆದ ವರ್ಷ ಒಂದು ಬುಧವಾರ, ಅಕ್ಕನ ಮಗಳಿಗೆ ಶಾಲೆಗೆ ರಜೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗೇಟಿನ ಚಿಲಕ ಸದ್ದಾಯಿತು. ನೋಡಿದರೆ ಅಕ್ಕ, ಪಕ್ಕದಲ್ಲಿ ಮಗಳು. ಅಮ್ಮ ಗಾಬರಿಯಾಗಿ ಓಡಿ ಬಂದಳು. "ಯಾಕೇ, ಏನಾಯ್ತು? ಎಲ್ಲ ಹುಷಾರಾಗಿದೀರಾ ತಾನೆ?" ಫೋನ್ ಮಾಡದೆ ಯಾರಾದರೂ ಬಂದರೆ ಈಗ ನಮಗೆ ಮೊದಲು ಹೊಳೆಯುವುದು ಕೆಟ್ಟ ಸುದ್ದಿ. ಅಕ್ಕ ಚಪ್ಪಲಿ ಬಿಡುತ್ತಾ, "ಏನಿಲ್ಲಮ್ಮ. ರೈಲು ಸಿಕ್ತು, ಹಾಗೇ ಬಂದೆ" ಎಂದಳು.

ಅಮ್ಮ ಒಂದು ಕ್ಷಣ ಸುಮ್ಮನೆ ನಿಂತಳು. ಆಮೇಲೆ ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟಳು.

ಊಟವಾದ ಮೇಲೆ ಅಕ್ಕನೇ ಹೇಳಿದಳು, ದೊಡ್ಡಮ್ಮನನ್ನು ನೋಡಿ ಬರೋಣ ಅಂತ. ಮಗುವನ್ನು ಅಮ್ಮನ ಹತ್ತಿರ ಬಿಟ್ಟು ನಾವಿಬ್ಬರೇ ಹೊರಟೆವು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಸಂಪಿಗೆ ರಸ್ತೆಯಲ್ಲಿ ಇಳಿದೆವು. ಅಲ್ಲಿಂದ ಮನೆಗೆ ನಡಿಗೆ. ಫುಟ್‌ಪಾತಿನಲ್ಲಿ ಒಂದು ಕಡೆ ಚಪ್ಪಡಿ ಇಲ್ಲ, ಇನ್ನೊಂದು ಕಡೆ ಬೈಕುಗಳು ನಿಂತಿದ್ದವು. ರಸ್ತೆ ದಾಟುವಾಗ ಚಿಕ್ಕವರಿದ್ದಾಗಿನ ಹಾಗೆ ಅಕ್ಕ ನನ್ನ ಕೈ ಹಿಡಿದುಕೊಂಡಳು.

ದೊಡ್ಡಮ್ಮನ ಕಣ್ಣಿಗೆ ಪೊರೆ ತೆಗೆದು ಎರಡು ವಾರವಾಗಿತ್ತು. ಕಪ್ಪು ಕನ್ನಡಕದಲ್ಲೇ ನಮ್ಮ ದನಿ ಹಿಡಿದು ಹೆಸರು ಹೇಳಿದರು. ಎಷ್ಟು ಹೊತ್ತು ಹಿಡಿಯಿತು ಅಂತ ಕೇಳಿದರು. ವಿಜಯನಗರದಿಂದ ಸ್ಟೇಷನ್ನಿಗೆ ಅರ್ಧ ಗಂಟೆಯೂ ಇಲ್ಲ ಎಂದೆವು. ಅವರು ನಂಬಲಿಲ್ಲ, ಇನ್ನೊಂದು ಸಲ ಕೇಳಿದರು. ಆಮೇಲೆ ಸ್ವಲ್ಪ ಯೋಚನೆ ಮಾಡಿ, "ಸ್ಟೇಷನ್ನಿನಲ್ಲಿ ಲಿಫ್ಟ್ ಇದೆಯಂತಲ್ಲ?" ಎಂದರು. ಇದೆ ದೊಡ್ಡಮ್ಮ ಎಂದೆ.

"ರಸ್ತೆಯ ನಮ್ಮ ಕಡೆಗಾ, ಆ ಕಡೆಗಾ?"

ಅಕ್ಕ ನನ್ನ ಮುಖ ನೋಡಿದಳು. ನಾವು ಎಸ್ಕಲೇಟರಿನಲ್ಲಿ ಬಂದಿದ್ದೆವು. ಹೋಗುವಾಗ ನೋಡಿ ಫೋನ್ ಮಾಡುತ್ತೇವೆ ಎಂದೆವು.